ಪುಕ್ಕಟೆ ಆಟಗಾರನ ಬಾಯಿಗೆ ಬೀಗ

2020ರ ಜೂನ್ ತಿಂಗಳ ನಡುವೆ ಒಂದು ದಿನ ‘ಟೀಮ್ ಫೋರ್ಟ್ರೆಸ್ 2’ ಎಂಬ ಆನ್‌ಲೈನ್ ಆಟದೊಳಗೆ ಅಸಂಖ್ಯ ಆಟಗಾರರು ಏಕಾಏಕಿ ಮೂಕರಾದರು. ಆಟ ಎಂದಿನಂತೆ ನಡೆದೇ ಇತ್ತು. ಅವರು ಓಡಬಹುದಿತ್ತು, ಗುಂಡು ಹಾರಿಸಬಹುದಿತ್ತು, ಗೆಲ್ಲಲೂಬಹುದಿತ್ತು. ಆದರೆ ಜೊತೆಗಾರರಿಗೆ ಒಂದು ಸಾಲು ಬರೆದು ಕಳಿಸಲು ಹೋದರೆ ಅದು ಯಾರಿಗೂ ತಲುಪುತ್ತಿರಲಿಲ್ಲ. ಮೈಕ್ ಒತ್ತಿ ಮಾತಾಡಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಅವರು ಯಾರನ್ನೂ ಬೈದಿರಲಿಲ್ಲ, ಆಟದಲ್ಲಿ ಮೋಸ ಮಾಡಿರಲಿಲ್ಲ. ಆಟದ ಅಂಗಡಿಯಲ್ಲಿ ಒಂದು ಕಾಸನ್ನೂ ಖರ್ಚು ಮಾಡಿರಲಿಲ್ಲ, ಅಷ್ಟೆ.

ಆಟದ ಒಡೆಯ ಸಂಸ್ಥೆ ವಾಲ್ವ್‌ಗೆ ಇದಕ್ಕೆ ಕಾರಣವಿತ್ತು. ಆ ವರ್ಷ ಸರ್ವರ್‌ಗಳಿಗೆ ಬಾಟ್‌ಗಳು, ಅಂದರೆ ಮನುಷ್ಯರಂತೆ ವೇಷ ಹಾಕಿ ತಾವೇ ಆಡುವ ಪ್ರೋಗ್ರಾಂಗಳು, ಹಿಂಡುಹಿಂಡಾಗಿ ನುಗ್ಗಿದ್ದವು. ಸ್ನೈಪರ್ ಪಾತ್ರ ಹಿಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಾಳಿಯ ತಲೆಗೆ ಗುರಿ ಇಡುತ್ತಿದ್ದವು, ಚಾಟ್ ತುಂಬ ಜನಾಂಗ ನಿಂದನೆಯ ಬರಹ ಸುರಿಯುತ್ತಿದ್ದವು, ಮೈಕ್‌ನಲ್ಲಿ ಕಿವಿಗಡಚಿಕ್ಕುವ ಸದ್ದು ಹಾಕುತ್ತಿದ್ದವು. ಪುಕ್ಕಟೆ ಖಾತೆ ತೆರೆಯಲು ಖರ್ಚೇ ಇಲ್ಲದ್ದರಿಂದ ಒಂದನ್ನು ಹೊರಹಾಕಿದರೆ ಇನ್ನೊಂದು ಹುಟ್ಟುತ್ತಿತ್ತು. ಹಾಗಾಗಿ ಪುಕ್ಕಟೆ ಖಾತೆಗಳಿಗೆಲ್ಲ ಬರಹದ ಚಾಟೂ ಇಲ್ಲ, ಧ್ವನಿಯ ಚಾಟೂ ಇಲ್ಲ ಎಂದು ವಾಲ್ವ್ ತೀರ್ಮಾನಿಸಿತು. ಅಂಗಡಿಯಲ್ಲಿ ಏನಾದರೊಂದನ್ನು ಕೊಂಡು ‘ಪ್ರೀಮಿಯಂ’ ಆದವರಿಗೆ ಮಾತ್ರ ಮಾತು ಉಳಿಯಿತು.

ದುಡ್ಡು ಕಟ್ಟದೆ ಆಡುವವರಿಗೆ ಆಟದ ಸಮಾಜದಲ್ಲಿ ಎಷ್ಟು ಜಾಗ ಕೊಡಬೇಕು? ಅವರು ಆಡಿದರೆ ಸಾಕೇ, ಮಾತಾಡಲೂಬಹುದೇ? ಆಟ ಯಾವ ದಿಕ್ಕಿಗೆ ಬೆಳೆಯಬೇಕೆಂಬ ಚರ್ಚೆಯಲ್ಲಿ, ಮತದಾನದಲ್ಲಿ ಅವರಿಗೆ ಪಾಲಿದೆಯೇ? ಮಕ್ಕಳಾಟದ ಪ್ರಶ್ನೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಕೋಟ್ಯಂತರ ಹುಡುಗ ಹುಡುಗಿಯರು ಸಂಜೆ ಸ್ನೇಹಿತರನ್ನು ಕಾಣುವುದು ಈಗ ಇಂಥ ಆಟಗಳ ಒಳಗೇ. ಅಲ್ಲಿ ಯಾರ ಬಾಯಿಗೆ ಬೀಗ ಬೀಳುತ್ತದೆ ಎಂಬುದು ಅವರ ಸಾಮಾಜಿಕ ಬದುಕಿನ ಪ್ರಶ್ನೆ.

ಎರಡು ಟೋಪಿ, ಒಂದು ಕನ್ನಡಕ

ಟೀಮ್ ಫೋರ್ಟ್ರೆಸ್ 2 ಹುಟ್ಟಿನಿಂದ ಪುಕ್ಕಟೆ ಆಟವಲ್ಲ. 2007ರ ಅಕ್ಟೋಬರ್‌ನಲ್ಲಿ ಅದು ಬೆಲೆ ಕೊಟ್ಟು ಕೊಳ್ಳುವ ಆಟವಾಗಿ ಬಂತು. 2011ರ ಜೂನ್ 23ರಂದು ವಾಲ್ವ್ ಅದನ್ನು ಎಲ್ಲರಿಗೂ ಪುಕ್ಕಟೆಯಾಗಿ ತೆರೆಯಿತು. ಅದುವರೆಗೆ ದುಡ್ಡು ಕೊಟ್ಟು ಕೊಂಡಿದ್ದ ಹಳಬರಿಗೆ ಆ ದಿನ ನೆನಪಿನ ಕಾಣಿಕೆಯಾಗಿ ಒಂದು ಟೋಪಿ ಸಿಕ್ಕಿತು. ಅದರ ಹೆಸರೇ ‘ಪ್ರೂಫ್ ಆಫ್ ಪರ್ಚೇಸ್’, ಕೊಂಡದ್ದಕ್ಕೆ ಪುರಾವೆ. ಹೊಸಬರ ತಲೆಯ ಮೇಲೆ ಹೆಚ್ಚಾಗಿ ಕಾಣುತ್ತಿದ್ದದ್ದು ‘ಘಾಸ್ಟ್ಲಿ ಗೈಬಸ್’ ಎಂಬ ಹರಕಲು ಎತ್ತರದ ಟೋಪಿ. ಗೈಬಸ್ ಹಾಕಿದವನು ಬಂದ ಎಂದರೆ ಬಿಟ್ಟಿ ಆಟಗಾರ ಬಂದ ಎಂದೇ ಲೆಕ್ಕ. ‘ಎಫ್‌ಟುಪಿ’, ಅಂದರೆ ಪುಕ್ಕಟೆ ಆಡುವವ ಎಂಬ ವ್ಯಾಪಾರದ ಪದ ಕೆಲವೇ ದಿನಗಳಲ್ಲಿ ಬೈಗುಳವಾಯಿತು.

ಆದರೆ ಅದೇ ವರ್ಷ ವಾಲ್ವ್ ಇನ್ನೂ ಒಂದು ಕೆಲಸ ಮಾಡಿತ್ತು. ಪುಕ್ಕಟೆ ಆಟಗಾರನೊಬ್ಬ ಮೊದಲ ಬಾರಿ ಏನನ್ನಾದರೂ ಕೊಂಡು ಪ್ರೀಮಿಯಂ ಆದಾಗ, ತನಗೆ ಆಟ ಕಲಿಯಲು ನೆರವಾದ ಗೆಳೆಯನೊಬ್ಬನ ಹೆಸರು ಹೇಳಬಹುದಿತ್ತು. ಹೆಸರು ಹೇಳಿಸಿಕೊಂಡ ಗೆಳೆಯನಿಗೆ ‘ಪ್ರೊಫೆಸರ್ ಸ್ಪೆಕ್ಸ್’ ಎಂಬ ಕನ್ನಡಕ ಬಹುಮಾನವಾಗಿ ಸಿಗುತ್ತಿತ್ತು. ಅಂಗಡಿಯಲ್ಲಿ ಮಾರಾಟಕ್ಕಿಲ್ಲದ, ಇನ್ನೊಬ್ಬರಿಗೆ ಹೇಳಿಕೊಟ್ಟವರಿಗೆ ಮಾತ್ರ ದಕ್ಕುವ ಕನ್ನಡಕ ಅದು. ಪುಕ್ಕಟೆ ಬಂದವನು ನಾಳೆಯ ಗಿರಾಕಿ, ಅವನನ್ನು ಗಿರಾಕಿಯನ್ನಾಗಿ ಮಾಡುವುದು ಜಾಹೀರಾತಲ್ಲ, ಹಳೆಯ ಆಟಗಾರನ ಒಂದೆರಡು ಒಳ್ಳೆಯ ಮಾತು ಎಂಬ ತಿಳಿವಳಿಕೆ ಆ ಏರ್ಪಾಟಿನಲ್ಲಿತ್ತು.

2020ರ ಬೀಗ ಬಿದ್ದದ್ದು ಸರಿಯಾಗಿ ಆ ಕೊಂಡಿಯ ಮೇಲೆ. ಮೂಕನಾದ ಹೊಸಬನಿಗೆ ಉಳಿದದ್ದು ಕೀಬೋರ್ಡಿನ ಒಂದೆರಡು ಕೀಲಿಗಳಲ್ಲಿ ತೆರೆಯುವ ಸಿದ್ಧ ಕೂಗುಗಳ ಪಟ್ಟಿ. ‘ಮೆಡಿಕ್!’ ಎಂದು ಕೂಗಿ ವೈದ್ಯನನ್ನು ಕರೆಯಬಹುದು. ‘ಸ್ಪೈ!’ ಎಂದು ಎಚ್ಚರಿಸಬಹುದು. ‘ಹೌದು’, ‘ಇಲ್ಲ’, ‘ಥ್ಯಾಂಕ್ಸ್’, ‘ಎಡಕ್ಕೆ ಹೋಗಿ’, ‘ಬಲಕ್ಕೆ ಹೋಗಿ’ ಎನ್ನಬಹುದು. ಈ ಬಂದೂಕನ್ನು ಯಾವಾಗ ಬಳಸಬೇಕು, ನಾವೀಗ ಸೋತದ್ದೇಕೆ, ಇನ್ನೊಂದು ಪಂದ್ಯ ಜೊತೆಗೆ ಆಡೋಣವೇ ಎಂದು ಕೇಳುವಂತಿಲ್ಲ. ಜೊತೆಗಾರರು ಇವನನ್ನೇ ಬಾಟ್ ಎಂದು ಅನುಮಾನಿಸಿ ಮತ ಹಾಕಿ ಹೊರದಬ್ಬಲು ಹೊರಟರೆ, ನಾನು ಮನುಷ್ಯ ಕಣ್ರಪ್ಪಾ ಎಂದು ಹೇಳಿಕೊಳ್ಳಲೂ ದಾರಿಯಿಲ್ಲ.

ಇಷ್ಟಾಗಿ ಬಾಟ್‌ಗಳು ಹೋದವೇ? ಹೋಗಲಿಲ್ಲ. ಚಾಟ್‌ನ ಹೊಲಸು ತಗ್ಗಿರಬಹುದು, ಸರ್ವರ್‌ಗಳಲ್ಲಿ ಬಾಟ್‌ಗಳ ಹಾವಳಿ ಮುಂದುವರಿಯಿತು. 2022ರ ಮೇ ತಿಂಗಳಲ್ಲಿ ಆಟಗಾರರು ‘ಸೇವ್ ಟಿಎಫ್‌2’ ಎಂಬ ಹ್ಯಾಷ್‌ಟ್ಯಾಗ್ ಹಿಡಿದು ಜಾಲತಾಣಗಳಲ್ಲಿ ಗದ್ದಲ ಎಬ್ಬಿಸಬೇಕಾಯಿತು. 2024ರ ಜೂನ್‌ನಲ್ಲಿ ‘ಫಿಕ್ಸ್ ಟಿಎಫ್‌2’ ಎಂಬ ಎರಡನೆಯ ಚಳವಳಿ ನಡೆಯಿತು, ಅದರ ಮನವಿಗೆ ಮೂರು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆ ಬೇಸಿಗೆಯಲ್ಲಿ ವಾಲ್ವ್ ಬಾಟ್ ಖಾತೆಗಳನ್ನು ದೊಡ್ಡ ಪ್ರಮಾಣದಲ್ಲಿ ನಿಷೇಧಿಸಿದ ಮೇಲೆ ಸರ್ವರ್‌ಗಳು ಉಸಿರಾಡಿದವು. ಬಾಟ್‌ಗಳನ್ನು ಹೊರಹಾಕಿದ್ದು ಬಾಟ್‌ಗಳ ಮೇಲಿನ ಕ್ರಮವೇ ಹೊರತು ಬಡ ಖಾತೆಗಳ ಮೌನವಲ್ಲ.

ಮೀಟರ್ ಓಡುತ್ತಿದ್ದ ಕಾಲ

ಆನ್‌ಲೈನ್ ಆಟಗಳ ಚರಿತ್ರೆಯ ಮೊದಲ ಪುಟದಲ್ಲೇ ಪುಕ್ಕಟೆ ಆಟಗಾರರಿದ್ದಾರೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟ ಬರೆಯಲು ಶುರುಮಾಡಿದರು. ಚಿತ್ರವಿಲ್ಲ, ಬರೀ ಅಕ್ಷರ. ಹಲವರು ಏಕಕಾಲಕ್ಕೆ ಒಂದೇ ಕಾಲ್ಪನಿಕ ಲೋಕದಲ್ಲಿ ಅಲೆಯಬಹುದಾದ ಆಟ. ಮುಂದೆ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ವಿಶ್ವವಿದ್ಯಾಲಯದ ಕಂಪ್ಯೂಟರ್ ರಾತ್ರಿ ಹೊತ್ತು ಬಿಡುವಾಗಿರುತ್ತಿದ್ದರಿಂದ ಆಗ ಹೊರಗಿನವರೂ ದೂರವಾಣಿ ಜಾಲದ ಮೂಲಕ ಒಳಬಂದು ಆಡಬಹುದೆಂದು ಬಾಗಿಲು ತೆರೆದಿಟ್ಟರು. ಆಟಕ್ಕೆ ಶುಲ್ಕವಿಲ್ಲ, ಫೋನ್ ಬಿಲ್ಲು ಮಾತ್ರ ಆಡುವವರದು. ನಿದ್ದೆಗೆಟ್ಟು ಬಂದ ಆ ಅತಿಥಿಗಳ ನಡುವೆಯೇ ಈ ಆಟಗಳ ಸಂಸ್ಕೃತಿ ರೂಪುಗೊಂಡಿತು.

ಇದೇ ಬಾರ್ಟಲ್ 1996ರಲ್ಲಿ ಬರೆದ ಪ್ರಬಂಧವೊಂದು ಇವತ್ತಿಗೂ ಆಟ ವಿನ್ಯಾಸ ಕಲಿಯುವವರ ಮೊದಲ ಪಾಠ. ಆಟಗಾರರಲ್ಲಿ ನಾಲ್ಕು ಬಗೆ ಎಂದರು ಅವರು: ಸಾಧಿಸಲು ಬರುವವರು, ಹುಡುಕಿ ನೋಡಲು ಬರುವವರು, ಇನ್ನೊಬ್ಬರನ್ನು ಮಣಿಸಲು ಬರುವವರು, ಜನರ ಒಡನಾಟಕ್ಕೆಂದೇ ಬರುವವರು. ನಾಲ್ಕನೆಯ ಬಗೆಯವರಿಗೆ ಆಟ ಒಂದು ನೆಪ, ಮಾತೇ ಮುಖ್ಯ. ಇಂಥವರು ತೀರಾ ಕಡಿಮೆಯಾದರೆ ಆಟದ ಲೋಕದ ಸಮತೋಲ ತಪ್ಪುತ್ತದೆ ಎಂಬುದು ಆ ಪ್ರಬಂಧದ ತಿರುಳುಗಳಲ್ಲೊಂದು. ಮಾತಿಗೆ ಬೆಲೆ ಕಟ್ಟಿದಾಗ ಮೊದಲು ಎದ್ದುಹೋಗುವವರು ಇವರೇ.

ವ್ಯಾಪಾರ ಬಂದ ಮೇಲೆ ಗಂಟೆಯ ಲೆಕ್ಕ ಶುರುವಾಯಿತು. ಅಮೆರಿಕದ ಕಂಪ್ಯೂಸರ್ವ್ ಜಾಲದಲ್ಲಿ 1985ರಲ್ಲಿ ಬಂದ ‘ಐಲ್ಯಾಂಡ್ಸ್ ಆಫ್ ಕೆಸ್ಮಾಯ್’ ಆಡಲು ನಿಧಾನದ ಸಂಪರ್ಕಕ್ಕೆ ಗಂಟೆಗೆ 6 ಡಾಲರ್, ತುಸು ವೇಗದ್ದಕ್ಕೆ 12 ಡಾಲರ್. ಮಾತಾಡುತ್ತಾ ಕೂತರೂ ಮೀಟರ್ ಓಡುತ್ತಲೇ ಇತ್ತು. 1996ರ ಡಿಸೆಂಬರ್‌ನಲ್ಲಿ ಅಮೆರಿಕ ಆನ್‌ಲೈನ್ ಸಂಸ್ಥೆ ಗಂಟೆಯ ಲೆಕ್ಕ ಬಿಟ್ಟು ತಿಂಗಳಿಗೆ 19.95 ಡಾಲರ್ ಎಂದಿತು. ಮರುವರ್ಷ ಬಂದ ‘ಅಲ್ಟಿಮಾ ಆನ್‌ಲೈನ್’ ಆಟದ ತಿಂಗಳ ಚಂದಾ 9.95 ಡಾಲರ್. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಸುಮಾರು 15 ಡಾಲರ್ ಚಂದಾದ ಮೇಲೆಯೇ 2010ರ ಹೊತ್ತಿಗೆ 1.2 ಕೋಟಿ ಚಂದಾದಾರರನ್ನು ಮುಟ್ಟಿತು.

ಅಷ್ಟರಲ್ಲಿ ಬೇರೆರಡು ಕಡೆ ಬೇರೆ ದಾರಿ ತೆರೆದಿತ್ತು. ದಕ್ಷಿಣ ಕೊರಿಯಾದ ನೆಕ್ಸಾನ್ ಸಂಸ್ಥೆ ಆಟವನ್ನು ಪುಕ್ಕಟೆ ಕೊಟ್ಟು, ಪಾತ್ರಗಳ ಉಡುಪು ಒಡವೆ ಮಾರಿ ಹಣ ಮಾಡುವ ಬಗೆಯನ್ನು ಗಟ್ಟಿ ಮಾಡಿತು. 2003ರ ‘ಮೇಪಲ್‌ಸ್ಟೋರಿ’ ಆ ದಾರಿಯ ದೊಡ್ಡ ಗೆಲುವು. ಇಂಗ್ಲೆಂಡಿನಲ್ಲಿ ಆಂಡ್ರ್ಯೂ ಗೋವರ್ 2001ರ ಜನವರಿಯಲ್ಲಿ ‘ರೂನ್‌ಸ್ಕೇಪ್’ ಬಿಟ್ಟರು. ಅದು ಬ್ರೌಸರ್‌ನಲ್ಲೇ ಆಡುವ ಆಟ. ಸೈಬರ್ ಕೆಫೆಯ ಹಳೆಯ ಕಂಪ್ಯೂಟರಿನಲ್ಲೂ, ಶಾಲೆಯ ಲ್ಯಾಬಿನಲ್ಲೂ ಓಡುತ್ತಿತ್ತು. ಮರುವರ್ಷ ಸದಸ್ಯತ್ವ ಶುಲ್ಕ ಬಂದರೂ ಪುಕ್ಕಟೆಯ ಲೋಕವನ್ನು ಮುಚ್ಚಲಿಲ್ಲ. ಕೈಯಲ್ಲಿ ಕಾರ್ಡಿಲ್ಲದ ಹದಿಮೂರು ಹದಿನಾಲ್ಕರ ಹುಡುಗರು ಅಲ್ಲೇ ಬೆಳೆದರು. ಸಂಬಳ ಬರತೊಡಗಿದ ಮೇಲೆ ಅದೇ ಹುಡುಗರಲ್ಲಿ ಎಷ್ಟೋ ಮಂದಿ ಸದಸ್ಯರಾಗಿ ಮರಳಿದರು.

ಒಬ್ಬರ ಹರಕೆ, ಊರಿಗೆಲ್ಲ ಆಟ

ಪುಕ್ಕಟೆ ಆಟಗಳ ಆದಾಯ ಬರುವುದು ಹೇಗೆ? ಸ್ವರ್ವ್ ಎಂಬ ವಿಶ್ಲೇಷಣಾ ಸಂಸ್ಥೆ 2014ರ ಆರಂಭದಲ್ಲಿ ಮೊಬೈಲ್ ಆಟಗಳ ಲೆಕ್ಕ ಪ್ರಕಟಿಸಿತು. ಲೆಕ್ಕ ಹಾಕಿದ ತಿಂಗಳಲ್ಲಿ ಆಡಿದವರಲ್ಲಿ ಏನನ್ನಾದರೂ ಕೊಂಡವರು ಶೇ 1.5 ಮಾತ್ರ. ಒಟ್ಟು ಆದಾಯದ ಅರ್ಧದಷ್ಟು ಬಂದದ್ದು ಶೇ 0.15 ಆಟಗಾರರಿಂದ. ಸಾವಿರಕ್ಕೆ ಒಬ್ಬರೋ ಇಬ್ಬರೋ ಇಡೀ ಮನೆಯ ಅರ್ಧ ಖರ್ಚು ಹೊರುತ್ತಾರೆ ಎಂದಾಯಿತು.

ಕರಾವಳಿಯವರಿಗೆ ಈ ಲೆಕ್ಕ ಹೊಸದಲ್ಲ. ಕಟೀಲು, ಮಂದಾರ್ತಿ ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ಖರ್ಚು ಹಾಕುವುದು ಒಂದು ಮನೆಯವರು, ರಾತ್ರಿ ಕೂತು ನೋಡುವುದು ಇಡೀ ಊರು. ಆಟ ಆಡಿಸಿದವರಿಗೆ ಪ್ರಸಾದ, ಗೌರವ ಎಲ್ಲ ಉಂಟು. ಆದರೆ ಪುಕ್ಕಟೆ ಕೂತವರು ಚಪ್ಪಾಳೆ ತಟ್ಟಬಾರದು, ಭಾಗವತರ ಪದ್ಯದ ಬಗ್ಗೆ ಮಾತಾಡಬಾರದು ಎಂದು ಯಾರೂ ಹೇಳುವುದಿಲ್ಲ. ಬಯಲು ತುಂಬದಿದ್ದರೆ ಹರಕೆ ಹೊತ್ತವರಿಗೇ ಸಮಾಧಾನವಿಲ್ಲ.

ಆನ್‌ಲೈನ್ ಆಟದಲ್ಲಿ ಈ ‘ಬಯಲು ತುಂಬುವ’ ಕೆಲಸ ಇನ್ನೂ ದೊಡ್ಡದು. 24 ಜನರ ಪಂದ್ಯಕ್ಕೆ 24 ಜನ ಬೇಕು. ಹಣ ಕೊಟ್ಟು ಕೊಂಡ ಚಂದದ ಉಡುಪನ್ನು ನೋಡಲು, ಮೆಚ್ಚಲು ಎದುರಿಗೆ ಜನ ಬೇಕು. ‘ವಾರ್‌ಫ್ರೇಮ್’ ಆಟದಲ್ಲಿ ಪುಕ್ಕಟೆ ಆಟಗಾರ ಗಂಟೆಗಟ್ಟಲೆ ಆಡಿ ಅಪರೂಪದ ಬಿಡಿಭಾಗ ಗಳಿಸುತ್ತಾನೆ, ಬಿಡುವಿಲ್ಲದ ಉದ್ಯೋಗಸ್ಥ ದುಡ್ಡು ಕೊಟ್ಟು ಆಟದ ನಾಣ್ಯ ‘ಪ್ಲಾಟಿನಂ’ ಕೊಂಡು, ಅದನ್ನು ಕೊಟ್ಟು ಆ ಭಾಗ ಪಡೆಯುತ್ತಾನೆ. ಒಬ್ಬನ ಬಳಿ ಸಮಯ, ಇನ್ನೊಬ್ಬನ ಬಳಿ ಹಣ. ಇಬ್ಬರಲ್ಲಿ ಯಾರು ಎದ್ದುಹೋದರೂ ಸಂತೆ ಮುಚ್ಚುತ್ತದೆ.

ಬಾಗಿಲು ತೆರೆದದ್ದರಿಂದ ಗಲ್ಲಾಪೆಟ್ಟಿಗೆಗೆ ನಷ್ಟವಾಗಿಲ್ಲ ಎನ್ನಲು ಉದಾಹರಣೆಯೂ ಇದೆ. ‘ದ ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್’ ಆಟವನ್ನು ಟರ್ಬೈನ್ ಸಂಸ್ಥೆ 2010ರ ಸೆಪ್ಟೆಂಬರ್‌ನಲ್ಲಿ ಚಂದಾದಿಂದ ಪುಕ್ಕಟೆಗೆ ಬದಲಿಸಿತು. ಕೆಲವೇ ತಿಂಗಳಲ್ಲಿ ಆದಾಯ ಮೂರು ಪಟ್ಟಾಯಿತೆಂದು ಸಂಸ್ಥೆಯೇ ಹೇಳಿಕೊಂಡಿತು. ಮನಸ್ಸಿಲ್ಲದ ಮನಸ್ಸಿನಿಂದ ತೆರೆದವರ ಕಥೆ ಬೇರೆ. ‘ಸ್ಟಾರ್ ವಾರ್ಸ್: ದ ಓಲ್ಡ್ ರಿಪಬ್ಲಿಕ್’ 2012ರ ನವೆಂಬರ್‌ನಲ್ಲಿ ಪುಕ್ಕಟೆಯಾದಾಗ, ಹೋರಾಟದ ಪಟ್ಟುಗಳ ಗುಂಡಿಗಳನ್ನು ಪರದೆಯ ಮೇಲೆ ಜೋಡಿಸಿಕೊಳ್ಳುವ ಪಟ್ಟಿಗಳನ್ನೂ ಎಣಿಸಿ ಕೊಟ್ಟಿತ್ತು. ಹೆಚ್ಚು ಪಟ್ಟಿ ಬೇಕಿದ್ದರೆ ಹೆಚ್ಚು ದುಡ್ಡು. ಆಟಗಾರರು ಸಿಡಿದೆದ್ದ ಮೇಲೆ ಸಂಖ್ಯೆ ಏರಿಸಬೇಕಾಯಿತು.

ಬೀಗ ಹಾಕುವವರ ವಾದ

ಬೀಗದ ಪರವಾದ ವಾದವನ್ನು ಹಗುರವಾಗಿ ನೋಡಬಾರದು. ಪುಕ್ಕಟೆ ಬಾಗಿಲಿನಿಂದ ಒಳ್ಳೆಯವರ ಜೊತೆ ವಂಚಕರೂ ಬರುತ್ತಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2011ರಿಂದ 20ನೇ ಹಂತದವರೆಗೆ ಪುಕ್ಕಟೆ ಆಡಲು ಬಿಟ್ಟಿತು. ಆದರೆ ಆ ಖಾತೆಗಳಿಗೆ ಸಾರ್ವಜನಿಕ ಚಾಟ್ ಇಲ್ಲ, ಗಿಲ್ಡ್ ಎಂಬ ಆಟಗಾರರ ಕೂಟ ಸೇರುವಂತಿಲ್ಲ, ಹರಾಜು ಕಟ್ಟೆಗೆ ಪ್ರವೇಶವಿಲ್ಲ, ಕೊಡುಕೊಳ್ಳುವಿಕೆ ಇಲ್ಲ. ಆಟದ ಚಿನ್ನವನ್ನು ನಿಜದ ದುಡ್ಡಿಗೆ ಮಾರುವ ದಂಧೆಕೋರರು ಚಾಟ್ ತುಂಬ ಜಾಹೀರಾತು ಸುರಿಯುತ್ತಿದ್ದುದನ್ನು ಕಂಡವರಿಗೆ ಈ ಎಚ್ಚರ ಅರ್ಥವಾಗುತ್ತದೆ. ವಾಲ್ವ್‌ನ ಆಟದಂಗಡಿ ಸ್ಟೀಮ್ 2015ರ ಏಪ್ರಿಲ್‌ನಲ್ಲಿ ಇನ್ನೂ ಅಗಲವಾದ ಗೆರೆ ಎಳೆಯಿತು. ಅಲ್ಲಿ 5 ಡಾಲರ್ ಕೂಡ ಖರ್ಚು ಮಾಡದ ಖಾತೆ ತಾನಾಗಿ ಯಾರಿಗೂ ಗೆಳೆತನದ ಕೋರಿಕೆ ಕಳಿಸುವಂತಿಲ್ಲ. ಖರ್ಚಿಲ್ಲದ ಖಾತೆಗಳಿಂದಲೇ ಸ್ಪ್ಯಾಮ್, ವಂಚನೆ ಹೆಚ್ಚು ನಡೆಯುತ್ತದೆ ಎಂಬುದು ಅದರ ವಿವರಣೆ.

‘ಕೌಂಟರ್ ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ ಇದೇ ಹಾದಿಯಲ್ಲಿ ಇನ್ನೂ ಒಂದು ಹೆಜ್ಜೆ ಹೋಯಿತು. 2018ರ ಡಿಸೆಂಬರ್‌ನಲ್ಲಿ ಪುಕ್ಕಟೆಯಾದಾಗ, ಆಡಿ ಆಡಿ 21ನೇ ಹಂತ ಮುಟ್ಟಿದವರಿಗೆ ‘ಪ್ರೈಮ್’ ದರ್ಜೆ ದುಡ್ಡಿಲ್ಲದೆಯೂ ಸಿಗುತ್ತಿತ್ತು. ಮಾರಾಟಕ್ಕೆಂದೇ ಖಾತೆ ಬೆಳೆಸುವವರು ಆ ದಾರಿ ಹಿಡಿದರು. 2021ರ ಜೂನ್‌ನಲ್ಲಿ ವಾಲ್ವ್ ಆ ಮೆಟ್ಟಿಲನ್ನು ತೆಗೆದೇಬಿಟ್ಟಿತು. ಆಮೇಲೆ ಪುಕ್ಕಟೆ ಆಟಗಾರನಿಗೆ ರ‍್ಯಾಂಕೂ ಇಲ್ಲ, ಬಹುಮಾನದ ವಸ್ತುಗಳೂ ಇಲ್ಲ.

ಇಲ್ಲೊಂದು ವ್ಯತ್ಯಾಸವನ್ನು ಬಿಡಿಸಿ ನೋಡಬೇಕು. ಬಹುಮಾನದ ವಸ್ತು, ಹರಾಜು ಕಟ್ಟೆ, ಕೊಡುಕೊಳ್ಳುವಿಕೆ ಇವೆಲ್ಲ ನಿಜದ ಹಣವಾಗಿ ಬದಲಾಗಬಲ್ಲವು. ಸಾವಿರ ಖಾತೆ ತೆರೆದವನು ಸಾವಿರ ಪಟ್ಟು ದೋಚಬಲ್ಲ. ಅಲ್ಲಿ ಹಣದ ಬೀಗ ಹಾಕಿದರೆ ತಪ್ಪಿಲ್ಲ. ಮಾತು ಹಾಗಲ್ಲ. ಹೊಸಬನೊಬ್ಬ ತನ್ನ ತಂಡದೊಡನೆ ಆಡುವ ಮಾತು ಯಾವ ಹರಾಜಿನಲ್ಲೂ ಮಾರಾಟವಾಗುವುದಿಲ್ಲ. ಎರಡಕ್ಕೂ ಒಂದೇ ಬೀಗ ಜಡಿದದ್ದೇ ಈ ಗೊಂದಲದ ಮೂಲ.

ಅಷ್ಟೇ ಅಲ್ಲ, ಶುಲ್ಕ ತಡೆಯುವುದು ಯಾರನ್ನು ಎಂಬುದನ್ನೂ ನೋಡಬೇಕು. ವೆನೆಜುವೆಲಾದ ಹಣದುಬ್ಬರ ಮುಗಿಲು ಮುಟ್ಟಿದ್ದ 2017ರ ನಂತರದ ವರ್ಷಗಳಲ್ಲಿ ಅಲ್ಲಿನ ಅನೇಕ ಯುವಕರು ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಆಟದಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಚರ್ಮ ಮೂಳೆ ಮಾರಿ ಬಂದ ಆಟದ ಚಿನ್ನವನ್ನು ಡಾಲರಿಗೆ ಮಾರಿ ದಿನಸಿ ತರುತ್ತಿದ್ದರು. ಆಟದ ನಿಯಮಕ್ಕೆ ಅದು ವಿರುದ್ಧ. ಗಮನಿಸಬೇಕಾದ್ದೆಂದರೆ, ಹಸಿರು ಡ್ರ್ಯಾಗನ್‌ಗಳಿರುವುದು ಸದಸ್ಯತ್ವ ಪಡೆದವರ ಲೋಕದಲ್ಲಿ. ಸದಸ್ಯತ್ವ ಅವರನ್ನು ತಡೆಯಲಿಲ್ಲ, ಏಕೆಂದರೆ ಗಳಿಕೆ ಇರುವವನಿಗೆ ಶುಲ್ಕ ಬಂಡವಾಳವಿದ್ದ ಹಾಗೆ. ಏನೂ ಗಳಿಸದೆ, ಸಂಜೆ ಒಂದು ಗಂಟೆ ಆಡಿ ಹೋಗುವ ಹುಡುಗನೇ ಶುಲ್ಕದ ಎದುರು ನಿಂತುಬಿಡುವುದು.

ಹಣದ ಬದಲು ಏನು?

ಬೇರೆ ಜರಡಿಗಳಿವೆ, ಬಳಕೆಯಲ್ಲೂ ಇವೆ. ‘ಡೋಟಾ 2’ 2013ರಿಂದ ಪುಕ್ಕಟೆ, ಅದರ ಎಲ್ಲ ಹೀರೋಗಳೂ ಎಲ್ಲರಿಗೂ ಮುಕ್ತ. ರ‍್ಯಾಂಕ್ ಪಂದ್ಯಗಳಲ್ಲಿ ಹಾವಳಿ ತಡೆಯಲು ಅದು ಕೇಳಿದ್ದು ಹಣವನ್ನಲ್ಲ. ನೂರು ಗಂಟೆ ಆಡಿರಬೇಕು, 2017ರಿಂದ ಖಾತೆಗೆ ಒಂದು ಫೋನ್ ನಂಬರ್ ಜೋಡಿಸಿರಬೇಕು ಎಂದಿತು. ವಾರ್‌ಫ್ರೇಮ್‌ನಲ್ಲಿ ಕೊಡುಕೊಳ್ಳುವಿಕೆಗೆ ಇಳಿಯಬೇಕಾದರೆ ಎರಡನೆಯ ಮಾಸ್ಟರಿ ದರ್ಜೆ ಮುಟ್ಟಿರಬೇಕು, ಖಾತೆಗೆ ಎರಡು ಹಂತದ ಭದ್ರತೆ ಹಾಕಿಕೊಂಡಿರಬೇಕು. ‘ಲೀಗ್ ಆಫ್ ಲೆಜೆಂಡ್ಸ್’ನ ರ‍್ಯಾಂಕ್ ಪಂದ್ಯಕ್ಕೆ 30ನೇ ಹಂತ. ಸಮಯ ತೆತ್ತವನಿಗೆ ಬಾಗಿಲು ತೆರೆಯುತ್ತದೆ. ಒಬ್ಬ ಮನುಷ್ಯನಿಗೆ ಅದು ಸಹಜವಾಗಿ ದಾಟುವ ಹೊಸ್ತಿಲು, ಸಾವಿರ ಖಾತೆ ನಡೆಸುವವನಿಗೆ ಸಾವಿರ ಪಟ್ಟು ಹೊರೆ.

ಈ ಜರಡಿಯಲ್ಲೂ ಎಡವುವ ಜಾಗ ಇದೆ. 2022ರ ಅಕ್ಟೋಬರ್‌ನಲ್ಲಿ ‘ಓವರ್‌ವಾಚ್ 2’ ಬಂದಾಗ ಬ್ಲಿಝಾರ್ಡ್ ಸಂಸ್ಥೆ ಪ್ರತಿ ಆಟಗಾರನೂ ಫೋನ್ ನಂಬರ್ ಕೊಡಬೇಕೆಂದಿತು. ಆದರೆ ಕೆಲವು ಬಗೆಯ ಪ್ರೀಪೇಯ್ಡ್ ನಂಬರುಗಳನ್ನು ಒಪ್ಪಲಿಲ್ಲ. ಅಮೆರಿಕದಲ್ಲಿ ಅಗ್ಗದ ಪ್ರೀಪೇಯ್ಡ್ ಸೇವೆ ಬಳಸುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಓವರ್‌ವಾಚ್ ಆಟವನ್ನು ದುಡ್ಡು ಕೊಟ್ಟು ಕೊಂಡವರೇ ಹೊರಗೆ ನಿಂತರು. ಟೀಕೆಯ ಮಳೆ ಸುರಿದು, ಮೊದಲೇ ಆಡುತ್ತಿದ್ದ ಬಹುಪಾಲು ಆಟಗಾರರಿಗೆ ಆ ನಿಯಮವನ್ನು ಕೆಲವೇ ದಿನಗಳಲ್ಲಿ ಕೈಬಿಡಬೇಕಾಯಿತು. ಬಹುಪಾಲು ಮೊಬೈಲ್ ಸಂಪರ್ಕಗಳು ಪ್ರೀಪೇಯ್ಡ್ ಆಗಿರುವ ಭಾರತದಂಥ ದೇಶದಲ್ಲಿ ಇಂಥ ನಿಯಮದ ಗತಿ ಏನಾಗುತ್ತದೆಂದು ಊಹಿಸಬಹುದು. ಹಣದ ಬೀಗ ಬೇರೆ ವೇಷದಲ್ಲಿ ಬಂದರೂ ಬಡವನೇ ಹೊರಗುಳಿಯುತ್ತಾನೆ.

ಮತ ಯಾರದು?

ಮಾತಿನ ಮುಂದಿನ ಮೆಟ್ಟಿಲು ಮತ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಸಿಸಿಪಿ ಸಂಸ್ಥೆಯ ‘ಈವ್ ಆನ್‌ಲೈನ್’ ಬಾಹ್ಯಾಕಾಶದ ಆಟಕ್ಕೆ 2008ರಿಂದ ಆಟಗಾರರೇ ಚುನಾಯಿಸುವ ಒಂದು ಮಂಡಳಿ ಇದೆ. ‘ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್’ ಎಂಬ ಅದರ ಸದಸ್ಯರು ರೇಕ್ಯಾವಿಕ್‌ಗೆ ಹೋಗಿ ಆಟ ತಯಾರಿಸುವವರ ಜೊತೆ ಮುಖಾಮುಖಿ ಕೂರುತ್ತಾರೆ. 2011ರ ಬೇಸಿಗೆಯಲ್ಲಿ, ಆಟದ ಪಾತ್ರಕ್ಕೆ ತೊಡಿಸುವ ಒಂಟಿ ಕನ್ನಡಕವೊಂದಕ್ಕೆ 60 ಡಾಲರ್‌ಗೂ ಮೀರಿದ ಬೆಲೆ ಇಟ್ಟಾಗ ಆಟಗಾರರು ಜೀಟಾ ಎಂಬ ವ್ಯಾಪಾರ ಕೇಂದ್ರದ ಸ್ಮಾರಕವನ್ನು ಸುತ್ತುವರಿದು ಹಡಗುಗಳಿಂದ ಗುಂಡಿನ ಮಳೆಗರೆದು ಪ್ರತಿಭಟಿಸಿದರು. ಸಂಸ್ಥೆ ಮಂಡಳಿಯನ್ನು ತುರ್ತಾಗಿ ಕರೆಸಿ ಮಾತುಕತೆ ನಡೆಸಿತು, ಅಕ್ಟೋಬರ್‌ನಲ್ಲಿ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಆಟಗಾರರ ಮಾತಿಗೆ ಅಷ್ಟು ತೂಕವಿದೆ. 2016ರ ನವೆಂಬರ್‌ನಲ್ಲಿ ಈ ಆಟಕ್ಕೆ ‘ಆಲ್ಫಾ’ ಎಂಬ ಪುಕ್ಕಟೆ ದರ್ಜೆ ಬಂತು. ಮಂಡಳಿಗೆ ಮತ ಹಾಕುವ ಹಕ್ಕು ಮಾತ್ರ ಚಂದಾ ಇರುವ ‘ಒಮೆಗಾ’ ಖಾತೆಗಳಿಗಷ್ಟೇ ಉಳಿಯಿತು.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಹುಟ್ಟಿದ್ದೇ ಮತದಿಂದ. 2007ರ ಹಳೆಯ ರೂಪದಲ್ಲಿ ಆಟವನ್ನು ಮತ್ತೆ ತರಬೇಕೇ ಎಂದು 2013ರ ಫೆಬ್ರುವರಿಯಲ್ಲಿ ಕೇಳಿದಾಗ ಸುಮಾರು 4.5 ಲಕ್ಷ ಮತಗಳು ಬಿದ್ದವು. ಅಂದಿನಿಂದ ದೊಡ್ಡ ಬದಲಾವಣೆಗಳೆಲ್ಲ ಆಟಗಾರರ ಮುಂದೆ ಮತಕ್ಕೆ ಬರುತ್ತವೆ. ಮೊದಲು ಶೇ 75 ಒಪ್ಪಿಗೆ ಬೇಕಿತ್ತು, 2022ರಲ್ಲಿ ಅದು ಶೇ 70ಕ್ಕೆ ಇಳಿಯಿತು. ಪುಕ್ಕಟೆ ಆಟಗಾರರಿಗೆ ಆಟ ತೆರೆದದ್ದು 2015ರ ಫೆಬ್ರುವರಿಯಲ್ಲಿ. ಮತ ಹಾಕಲು ಸದಸ್ಯತ್ವವೂ ಬೇಕು, ಆಟದಲ್ಲಿ ಒಂದು ಮಟ್ಟ ಏರಿರಲೂ ಬೇಕು.

ಚಂದಾದಾರರ ಪರವಾಗಿ ಒಂದು ಮಾತು ಹೇಳಬೇಕು. ಈ ಎರಡೂ ಆಟಗಳಲ್ಲಿ ಆಡಿ ಗಳಿಸಿದ ಆಟದ ಹಣದಿಂದಲೇ ಚಂದಾ ಕಟ್ಟುವ ದಾರಿ ಇದೆ. ಈವ್‌ನಲ್ಲಿ ಅದರ ಹೆಸರು ‘ಪ್ಲೆಕ್ಸ್’, ರೂನ್‌ಸ್ಕೇಪ್‌ನಲ್ಲಿ ‘ಬಾಂಡ್’. ಯಾರೋ ನಿಜದ ದುಡ್ಡು ಕೊಟ್ಟು ಕೊಂಡದ್ದನ್ನು ಇನ್ಯಾರೋ ಆಟದ ಚಿನ್ನ ಕೊಟ್ಟು ಪಡೆಯುತ್ತಾರೆ. ಹಾಗಾಗಿ ಜೇಬಿನಿಂದ ಪೈಸೆ ತೆಗೆಯದವನೂ ಮತದಾರನಾಗಬಲ್ಲ. ಆದರೆ ಇದೇ ಏರ್ಪಾಟು ಇನ್ನೊಂದನ್ನೂ ಒಪ್ಪಿಕೊಳ್ಳುತ್ತದೆ: ಮತದ ಅರ್ಹತೆಗೆ ನಿಜವಾದ ಅಳತೆ ದುಡ್ಡಲ್ಲ, ಆಟದಲ್ಲಿ ತೊಡಗಿದ ಹೊತ್ತು. ಹಾಗಿದ್ದ ಮೇಲೆ ನೂರಾರು ಗಂಟೆ ಆಡಿದ ಆಲ್ಫಾ ಆಟಗಾರನಿಗೆ, ಕನಿಷ್ಠ ಪುಕ್ಕಟೆ ದರ್ಜೆಗೆ ಸಂಬಂಧಿಸಿದ ವಿಷಯಗಳಲ್ಲಾದರೂ, ಮತ ಕೊಡದಿರಲು ಕಾರಣ ಉಳಿಯುವುದಿಲ್ಲ.

ನಮ್ಮ ಪರದೆಗಳಲ್ಲಿ

ಭಾರತದಲ್ಲಿ ಈ ಪ್ರಶ್ನೆ ಮೊಬೈಲ್ ಪರದೆಯ ಮೇಲಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್‌ಗೆ ನಿಷೇಧ ಬಿತ್ತು. 2021ರ ಜುಲೈನಲ್ಲಿ ಕ್ರಾಫ್ಟನ್ ಸಂಸ್ಥೆಯ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಬಂತು, ಮರುವರ್ಷ ಅದೂ ಮರೆಯಾಗಿ 2023ರ ಮೇನಲ್ಲಿ ಮರಳಿತು. ಹೆಸರು ಬದಲಾದರೂ ಹುಡುಗರ ಬಾಯಲ್ಲಿ ಅದು ಪಬ್‌ಜಿಯೇ. ಆಟ ಪುಕ್ಕಟೆ, ವೇಷಭೂಷಣ ಮತ್ತು ರಾಯಲ್ ಪಾಸ್‌ಗೆ ದುಡ್ಡು. ನಾಲ್ಕು ಜನರ ತಂಡದ ಮೈಕ್ ಎಲ್ಲರಿಗೂ ಮುಕ್ತ. ಹಣ ಪಣಕ್ಕಿಟ್ಟು ಆಡುವ ಆಟಗಳ ಮಾತು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಅವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಪ್ರತ್ಯೇಕವಾಗಿ ಗುರುತಿಸಿತು.

ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಕಾಲೇಜು ಮುಗಿಸಿ ಬಂದ ಹುಡುಗನೊಬ್ಬ ಬಿದ್ದ ಕೂಡಲೇ ‘ಮಗಾ, ರಿವೈವ್ ಮಾಡೋ’ ಎಂದು ಕೂಗುವುದು ಆ ಮೈಕ್‌ನಲ್ಲೇ. ಕೂಗಿದವನ ಮೈಮೇಲೆ ದುಬಾರಿ ಉಡುಪಿದೆಯೇ, ಆಟ ಪುಕ್ಕಟೆ ಕೊಟ್ಟ ಬಟ್ಟೆ ಇದೆಯೇ ಎಂದು ನೋಡುತ್ತ ಕೂತರೆ ತಂಡ ಸೋಲುತ್ತದೆ. ದೇಶದ ಬೇರೆ ಬೇರೆ ಮೂಲೆಯ ಹುಡುಗರು ಅರ್ಧ ಹಿಂದಿ, ಅರ್ಧ ಇಂಗ್ಲಿಷ್, ಕಾಲು ಕನ್ನಡದಲ್ಲಿ ಒಂದಾಗಿ ಆಡುವುದೂ ಆ ಮೈಕ್‌ನಿಂದಲೇ. ನಾಳೆ ಆ ಮೈಕ್‌ಗೆ ತಿಂಗಳಿಗೆ ಇಷ್ಟು ಎಂದು ಬೆಲೆ ಕಟ್ಟಿದರೆ, ಅಪ್ಪ ಅಮ್ಮನ ಯುಪಿಐ ಕೈಗೆ ಸಿಗದ ಹುಡುಗನಿಗೆ ಗುಂಡು ಹಾರಿಸುವುದಷ್ಟೇ ಉಳಿಯುತ್ತದೆ. ಮಾತಿಲ್ಲದ ಆಟ ಮಕ್ಕಳಿಗೆ ಒಳ್ಳೆಯದು ಎಂದು ಕೆಲವು ಪೋಷಕರಿಗೆ ಅನ್ನಿಸಬಹುದು. ಆದರೆ ಬೈಗುಳ ಕೇಳಿಸಿಕೊಂಡ ಮಗುವಿಗೆ ಬೇಕಾದದ್ದು ಬೈದವನ ಮೇಲೆ ದೂರು ಕೊಡುವ ಗುಂಡಿ, ದೂರಿಗೆ ಸಿಗುವ ಉತ್ತರ. ದುಡ್ಡು ಕಟ್ಟಿದವನ ಬೈಗುಳ ಪುಕ್ಕಟೆ ಬೈಗುಳಕ್ಕಿಂತ ಮೃದುವಾಗಿರುವುದಿಲ್ಲ.

ಉಡುಪಿನ ಅವಮಾನ ಮಾತ್ರ ಈಗಾಗಲೇ ಎಲ್ಲೆಡೆ ಇದೆ. 2017ರಲ್ಲಿ ಪುಕ್ಕಟೆಯಾಗಿ ಬಂದ ‘ಫೋರ್ಟ್‌ನೈಟ್’ನಲ್ಲಿ ಏನನ್ನೂ ಕೊಳ್ಳದ ಮಕ್ಕಳ ಪಾತ್ರಗಳು ಆಟ ಕೊಟ್ಟ ಮೂಲ ವೇಷದಲ್ಲೇ ಇರುತ್ತವೆ. ಅವರನ್ನು ‘ಡಿಫಾಲ್ಟ್’ ಎಂದು ಹೀಯಾಳಿಸುವುದು ಅಮೆರಿಕದ ಶಾಲೆಗಳ ಆಟದ ಮೈದಾನದವರೆಗೂ ಹಬ್ಬಿತು. ಹೀಯಾಳಿಕೆಗೆ ಹೆದರಿ ಉಡುಪು ಕೊಳ್ಳುವ ಮಗುವಿನ ದುಡ್ಡೂ ಸಂಸ್ಥೆಯ ಲೆಕ್ಕದಲ್ಲಿ ಆದಾಯವೇ ಆಗುತ್ತದೆ. ಬಾಯಿಗೆ ಬೀಗ ಹಾಕುವ ನಿಯಮಗಳು ಈ ಹೀಯಾಳಿಕೆಗೆ ಸಂಸ್ಥೆಯದೇ ಮುದ್ರೆ ಒತ್ತುತ್ತವೆ. ಬಿಟ್ಟಿ ಆಟಗಾರ ಎರಡನೆಯ ದರ್ಜೆಯವನು ಎಂದು ಆಟದ ಒಡೆಯರೇ ಬರೆದುಕೊಟ್ಟ ಹಾಗಾಗುತ್ತದೆ.

ಬೆಂಗಳೂರಿನಲ್ಲಿ ಇವತ್ತು ಆಟ ಕಟ್ಟುವ ತರುಣ ತರುಣಿಯರು ಬೇಕಾದಷ್ಟು ಜನ ಇದ್ದಾರೆ. ಹೊಸ ಖಾತೆಗೆ ಏನೆಲ್ಲ ಕೊಡಬೇಕು, ಏನನ್ನು ತಡೆಹಿಡಿಯಬೇಕು ಎಂಬ ಪಟ್ಟಿಯನ್ನು ಒಂದಲ್ಲ ಒಂದು ದಿನ ಅವರು ಬರೆಯಲೇಬೇಕು. ಆಗ ಮಾರಾಟದ ಕಟ್ಟೆಗೆ, ಬಹುಮಾನದ ಪೆಟ್ಟಿಗೆಗೆ ಬೇಕಿದ್ದರೆ ಹಣದ ಬೀಗ ಹಾಕಿ. ಮಾತಿಗೆ ಕೆಲವು ಗಂಟೆಗಳ ಆಟವನ್ನು ಹೊಸ್ತಿಲಾಗಿ ಇಡಿ, ಬೈದವರನ್ನು ದುಡ್ಡು ಕಟ್ಟಿದ್ದಾರೋ ಇಲ್ಲವೋ ನೋಡದೆ ಹೊರಗೆ ಹಾಕಿ, ದೂರು ನೋಡಲು ಸಂಬಳ ಕೊಟ್ಟು ಜನರನ್ನು ಇಡಿ. ಮತ ಕೇಳುವುದಾದರೆ ನಿಮ್ಮ ಆಟಕ್ಕೆ ಹೊತ್ತು ಕೊಟ್ಟವರೆಲ್ಲರನ್ನೂ ಕೇಳಿ. ಪ್ರೀಪೇಯ್ಡ್ ಸಿಮ್ ಇರುವವನನ್ನು ಅನುಮಾನಿಸಬೇಡಿ. ನಿಮ್ಮ ಸರ್ವರ್ ತುಂಬಿರುವುದೇ ಅವನಿಂದ.